ನಾಯಿ ಟೈಮು

ನಮ್ಮ ಎಸ್ಟೇಟಿನಲ್ಲಿ ನಗುವಂಥ ಸಂಗತಿ ಆಗದ ವಾರವೇ ಇಲ್ಲ. ನಕ್ಕಾದ ಮೇಲೆ ಯಾರನ್ನಾದರೂ ಹಿಡಿದು ಬೈಯಬೇಕು ಅನ್ನಿಸುತ್ತದೆ, ಅದೊಂದೇ ತೊಂದರೆ. ಬೈದು ಬೈದು ಗಂಟಲು ಕಟ್ಟಿದ್ದಕ್ಕೆ ಈಗ ಬರೆಯುತ್ತಿದ್ದೇನೆ.

ನಾನಿರುವುದು ಮೂಡಿಗೆರೆಯಿಂದ ಕಳಸದ ಕಡೆ ಹೋಗುವಾಗ ಒಳಗೆ ಸಿಗುವ ಒಂದು ಕಾಫಿ ತೋಟದ ಲೈನಿನಲ್ಲಿ. ಲೈನು ಅಂದರೆ ಒಂದೇ ಹೆಂಚಿನ ಮಾಡಿನ ಕೆಳಗೆ ಸಾಲಾಗಿ ಹನ್ನೆರಡು ಕೋಣೆ, ಹನ್ನೆರಡು ಸಂಸಾರ. ನಡುವಿನ ಗೋಡೆ ಮಾಡಿನವರೆಗೆ ಹೋಗುವುದಿಲ್ಲ. ಒಬ್ಬರು ಕೆಮ್ಮಿದರೆ ಮೂರನೇ ಮನೆಯವರು ಶುಂಠಿ ಜಜ್ಜಿ ಕುಡಿ ಅಂತಾರೆ. ಬೆಳಿಗ್ಗೆ ಎಂಟಕ್ಕೆ ಗಂಟೆ ಹೊಡೆದರೆ ಕೈಕಾಲು ಆಡುವವರೆಲ್ಲ ತೋಟಕ್ಕೆ. ಸಂಜೆ ನಾಲ್ಕೂವರೆಯವರೆಗೆ ಲೈನಿನಲ್ಲಿ ಉಳಿಯುವುದು ಕೋಳಿಗಳು, ಮತ್ತೆ ಅಂಗನವಾಡಿಯವರೆಗೆ ನಡೆಯಲಾರದ ಚಿಕ್ಕ ಮಕ್ಕಳು.

ನನ್ನ ಗಂಡ ಮರಗಸಿಗೆಂದು, ಅಂದರೆ ನೆರಳು ಮರದ ಕೊಂಬೆ ಕಡಿಯಲೆಂದು, ಸಿಲ್ವರ್ ಮರ ಹತ್ತಿದವನು ಬಿದ್ದು ತೀರಿಕೊಂಡ. ಮಕ್ಕಳಿಲ್ಲ. ಅಂಗಡಿಯವರು ಸಾಮಾನು ಕಟ್ಟಿಕೊಟ್ಟ ಪೇಪರ್ ಬಿಡಿಸಿ ಓದಿ ಅಕ್ಷರ ಕಲಿತವಳು ನಾನು. ಹಾಗಾಗಿ ಲೈನಿನ ಅರ್ಜಿಯೆಲ್ಲ ನನ್ನ ಕೈಯದ್ದು. ಬರೆದ ಅರ್ಜಿಯಲ್ಲಿ ಮುಕ್ಕಾಲು ಪಾಲು ಒಂದೇ ವಿಷಯ: ಮಕ್ಕಳ ಮನೆ. ತಾಯಂದಿರು ಕೆಲಸಕ್ಕೆ ಹೋದಾಗ ಮಕ್ಕಳನ್ನು ನೋಡಿಕೊಳ್ಳಲು ತೋಟದವರು ಒಂದು ಮನೆ ಇಡಬೇಕು ಅಂತ ಕಾನೂನಿದೆ. ನಮ್ಮಲ್ಲೂ ಇದೆ. ಬೋರ್ಡಿದೆ, ಬಾಗಿಲಿದೆ, ಬೀಗವಿದೆ. ಒಳಗೆ ಗೊಬ್ಬರದ ಮೂಟೆ ಇದೆ.

೧. ಬಂಗಲೆಯ ಬಾಣಂತಿ

ಬಂಗಲೆಯಲ್ಲಿ ಒಂದು ಲ್ಯಾಬ್ರಡಾರ್ ನಾಯಿ. ತೋಟದ ಸಾಹುಕಾರರೂ ಅವರ ಹೆಂಡತಿಯೂ ಚಿಕ್ಕಮಗಳೂರಿಗೆ ಹೋದರೆ ಅದಕ್ಕೆ ಬೇಜಾರಾಗಬಾರದು ಅಂತ ಒಬ್ಬ ಆಳು ಅದರ ಪಕ್ಕದಲ್ಲಿ ಕೂತಿರಬೇಕು. ಹಾಜರಿ ಪುಸ್ತಕದಲ್ಲಿ ಅವತ್ತು ಅವನ ಕೆಲಸದ ಮುಂದೆ ‘ಕಳೆ ತೆಗೆಯುವುದು’ ಅಂತ ಬರೆಯುತ್ತಾರೆ.

ಅಂಥಾ ನಾಯಿ ಮಳೆ ಬಿಡುವ ಹೊತ್ತಿಗೆ ಐದು ಮರಿ ಹಾಕಿತು. ಐದಕ್ಕೂ ಡೊಂಕು ಬಾಲ, ಹಣೆ ಮೇಲೆ ಬಿಳಿ ಚುಕ್ಕೆ. ನಮ್ಮ ಲೈನಿನ ಒಕ್ಕಣ್ಣು ನಾಯಿಯನ್ನೇ ಅಚ್ಚು ಹಾಕಿದ ಹಾಗೆ. ಸಾಹುಕಾರರ ಹೆಂಡತಿಯನ್ನು ನಾವೆಲ್ಲ ಅಮ್ಮ ಅಂತೇವೆ. ಅಮ್ಮ ಆಳುಗಳಿಂದ ಕೆಲಸ ಮಾಡಿಸುವ ಮೇಸ್ತ್ರಿಯನ್ನು ಕರೆಸಿದರು.

“ಯಾರದ್ದು ಇದು?”

ಮೇಸ್ತ್ರಿ ತಾನೇ ತಪ್ಪು ಮಾಡಿದವನ ಹಾಗೆ ತಲೆ ತಗ್ಗಿಸಿದ. “ಲೈನಿನದ್ದು ಅಮ್ಮ.”

“ಬೇಲಿ ಇರ್ಲಿಲ್ವಾ?”

“ಇತ್ತಮ್ಮ. ಎರಡೂ ಕಡೆಗೂ ಮನಸ್ಸಿದ್ರೆ ಬೇಲಿ ಎಂತ ಮಾಡ್ತದೆ?”

ಮರಿಗಳು ಹಾಲು ಬಿಟ್ಟ ಮೇಲೆ ಚೀಲಕ್ಕೆ ಹಾಕಿ ಕಳಸದ ಪೇಟೆಯಲ್ಲಿ ಬಿಟ್ಟು ಬಾ ಅಂತ ಅಪ್ಪಣೆಯಾಯಿತು. ಮೇಸ್ತ್ರಿ ಚೀಲ ಹಿಡಿದು ಜೀಪಿಗೆ ಕಾಯುತ್ತಿದ್ದಾಗ ನಾನು ಕೈ ಹಾಕಿ ಒಂದನ್ನು ಎತ್ತಿಕೊಂಡೆ.

“ಬೇಡ ಮಾರಾಯ್ತಿ, ಬಂಗಲೆಯವ್ರಿಗೆ ಗೊತ್ತಾದ್ರೆ?”

“ಗೊತ್ತಾಗ್ಲಿ. ನಾನು ಬಂದಾಗಿಂದ ಬಂಗಲೆಯದ್ದು ಅಂತ ಲೈನಿಗೆ ಬಂದಿರೋದು ಇದೊಂದೇ.”

೨. ಅರ್ಜಿಯನ್ನು ಕೈಗೆತ್ತಿಕೊಂಡವರು

ನನ್ನ ಪಕ್ಕದ ಮನೆಯವಳಿಗೆ ಎರಡು ವರ್ಷದ ಹೆಣ್ಣುಕೂಸು. ಅಜ್ಜಿ ನೋಡಿಕೊಳ್ಳುತ್ತಿತ್ತು. ಹೋದ ಮಳೆಗಾಲದಲ್ಲಿ ಅಜ್ಜಿ ಸತ್ತಿತು. ಅಲ್ಲಿಂದ ಈಚೆಗೆ ಹಳೇ ಸೀರೆಯ ಒಂದು ತುದಿ ಮಗುವಿನ ಸೊಂಟಕ್ಕೆ, ಇನ್ನೊಂದು ತುದಿ ಮಂಚದ ಕಾಲಿಗೆ. ಒಲೆ ಮುಟ್ಟಬಾರದು, ಹಿಂದಿನ ಕೆರೆಗೆ ಹೋಗಬಾರದು. ಕಟ್ಟದೆ ಏನು ಮಾಡುತ್ತಾಳೆ?

ಮರಿ ಬಂದ ಮಾರನೇ ಬೆಳಿಗ್ಗೆ ಗಂಟೆ ಹೊಡೆಯಿತು. ಚಿಪ್ಪಿನಲ್ಲಿ ನೀರಿಟ್ಟು, ಅನ್ನ ಕಲಸಿಟ್ಟು, ಬಾಗಿಲು ಎಳೆದುಕೊಂಡೆ. ಅವಳೂ ಅವಳ ಬಾಗಿಲು ಎಳೆಯುತ್ತಿದ್ದಳು.

“ನಿಮ್ದನ್ನ ಕಟ್ಟಿಲ್ವಾ ಅಕ್ಕ?”

“ಎಳೇದಲ್ವಾ, ಪಾಪ,” ಅಂದುಬಿಟ್ಟೆ.

ಅವಳು ನನ್ನ ಮುಖ ನೋಡಿದಳು. ಆಮೇಲೆ ವಾಪಸು ಒಳಗೆ ಹೋಗಿ ಗಂಟು ಗಟ್ಟಿಯಾಗಿದೆಯಾ ಅಂತ ನೋಡಿ ಬಂದಳು. ಊರಿಗೆಲ್ಲ ನ್ಯಾಯ ಹೇಳುವ ಬಾಯಿ ನನ್ನದು.

ಸಂಜೆ ಬಂದು ನೋಡಿದರೆ ಅನ್ನ ಹಾಗೇ ಇದೆ, ಮಂಚದ ಕೆಳಗಿನ ಪೆಟ್ಟಿಗೆ ತೆರೆದಿದೆ. ಮಕ್ಕಳ ಮನೆಯ ಬೀಗ ತೆಗೆಸಿ ಅಂತ ಲೈನಿನವರೆಲ್ಲ ಹೆಬ್ಬೆಟ್ಟು ಒತ್ತಿದ ಹೊಸ ಅರ್ಜಿ ಚೂರುಚೂರು. ಮರಿ ಅದರ ನಡುವೆ ಕೂತು ಕೊನೆಯ ಹೆಬ್ಬೆಟ್ಟನ್ನು ಜಗಿಯುತ್ತಿತ್ತು.

ಹೊಡೆಯಲು ಎತ್ತಿದ ಕೈ ಇಳಿಸಿದೆ. ಇಷ್ಟು ವರ್ಷದಲ್ಲಿ ನನ್ನ ಅರ್ಜಿಯನ್ನು ಮೊದಲ ಸಾಲಿನಿಂದ ಕೊನೆಯವರೆಗೆ ಬಿಡದೆ ಗಮನಿಸಿದ್ದು ಅದೊಂದೇ.

೩. ಅಭ್ಯಾಸ

ಒಂಟಿ ಮರಿ ಸುಮ್ಮನಿರುತ್ತದಾ? ಎಂಟೂವರೆಗೆ ಕುಂಯ್ ಅಂತ ಶುರು ಮಾಡಿದರೆ ನಿದ್ದೆ ಬರುವವರೆಗೂ ಅದೇ. ಗೋಡೆಯಾಚೆ ಕೂಸು ಅದಕ್ಕೆ ಉತ್ತರ ಕೊಡುತ್ತಿತ್ತಂತೆ. ಮೂರನೇ ದಿನ ಅಮ್ಮ ವಾಕಿಂಗ್ ಮಾಡುತ್ತಾ ಲೈನಿನ ಕಡೆ ಬಂದವರು ಆ ಸದ್ದು ಕೇಳಿ ನಿಂತುಬಿಟ್ಟರು. ಮೇಸ್ತ್ರಿ ಓಡಿ ಬಂದು ನನ್ನನ್ನು ಕರೆದೊಯ್ದ. ಕೈಯಲ್ಲಿ ಕುಡುಗೋಲು ಹಿಡಿದೇ ಹೋದೆ.

ಅಮ್ಮನ ಕಣ್ಣಲ್ಲಿ ನೀರು. ನಿಜವಾದ ನೀರು, ಸುಳ್ಳು ಹೇಳಬಾರದು. ಮರಿಯ ಹಣೆಯ ಚುಕ್ಕೆ ನೋಡಿದ ಕೂಡಲೇ ಯಾರ ಮಗ ಅಂತ ಅವರಿಗೆ ಗೊತ್ತಾಗಿತ್ತು.

“ಇಷ್ಟು ಚಿಕ್ಕ ಮರೀನ ಎಂಟು ಗಂಟೆ ಹೊತ್ತು ಒಂದೇ ಬಿಟ್ಟು ಹೋಗ್ತೀಯಲ್ಲ, ನಿನಗೆ ಕರುಳಿಲ್ವಾ?”

“ಗಂಟೆ ಹೊಡೆಸೋದು ನೀವು ಅಮ್ಮ. ಪಕ್ಕದ ಮನೇಲಿ ಇನ್ನೊಂದಿದೆ, ನೋಡ್ತೀರಾ?”

ಬಾಗಿಲು ತಳ್ಳಿದೆ. ಕೂಸು ಮಂಚದ ಕಾಲಿನ ಹತ್ತಿರ ಸೀರೆ ಸುತ್ತಿಕೊಂಡು ಕೂತಿತ್ತು. ನಮ್ಮನ್ನು ನೋಡಿತು. ಅಳಲಿಲ್ಲ, ನಗಲಿಲ್ಲ. ಅಮ್ಮ ಸ್ವಲ್ಪ ಹೊತ್ತು ನೋಡಿ ನಿಟ್ಟುಸಿರು ಬಿಟ್ಟರು.

“ಇದು ಪರವಾಗಿಲ್ಲ, ಅಭ್ಯಾಸ ಆಗಿದೆ. ನಾಯಿಮರಿಗೆ ಹೇಳಿದ್ರೆ ಅರ್ಥ ಆಗಲ್ವಲ್ಲ!”

೪. ಆರ್ಡರು

ಮಾರನೇ ದಿನದಿಂದ ಆರ್ಡರಾಯಿತು. ಹತ್ತಕ್ಕೆ, ಹನ್ನೆರಡಕ್ಕೆ, ಎರಡಕ್ಕೆ ನಾನು ಹೋಗಿ ಮರಿ ನೋಡಿ ಬರಬೇಕು, ಪ್ರತಿ ಸಲ ಕಾಲು ಗಂಟೆ. ಮೇಸ್ತ್ರಿ ಸೀಟಿ ಊದಿ ಕೂಗುತ್ತಿದ್ದ: “ನಾಯಿ ಟೈಮು!” ಸಾಲಿನಲ್ಲಿ ಕಾಫಿ ಗಿಡದ ಚಿಗುರು ತೆಗೆಯುತ್ತಿದ್ದವರೆಲ್ಲ ಸೊಂಟ ಹಿಡಿದು ಎದ್ದು ನಿಂತು ನನ್ನನ್ನು ಕಳಿಸಿಕೊಡುತ್ತಿದ್ದರು, ಮದುವೆ ಹೆಣ್ಣನ್ನು ಕಳಿಸಿದ ಹಾಗೆ.

ಪಕ್ಕದ ಮನೆಯವಳು ಕೇಳಿದಳು, “ಮೇಸ್ತ್ರಿ, ನಾನೂ ಒಂದ್ಸಲ ಹೋಗಿ ಬರ್ಲಾ? ಕೂಸಿಗೆ ಮೈ ಬಿಸಿ ಇದೆ.”

“ಕೂಸಿಗೆ ಆರ್ಡರಿಲ್ಲ ತಂಗಿ,” ಅಂದ. ಕೆಟ್ಟವನಲ್ಲ. ಅವನ ಮಗಳೂ ಇದೇ ಲೈನಿನಲ್ಲಿ ಕಟ್ಟಿಸಿಕೊಂಡು ಬೆಳೆದವಳೇ.

ನಾನು ಹೋದವಳು ಕಾಲು ಗಂಟೆಯಲ್ಲಿ ಎರಡೂ ಮನೆಯ ಬಾಗಿಲು ತೆಗೆಯುತ್ತಿದ್ದೆ. ಕೂಸಿನ ಗಂಟು ಬಿಚ್ಚಿ, ಉಣ್ಣಿಸಿ, ಮರಿಯ ಜೊತೆ ಬಿಟ್ಟರೆ ಎರಡೂ ಒಂದೇ ದನಿಯಲ್ಲಿ ಕುಂಯ್‌ಗುಡುತ್ತಾ ಉರುಳಾಡುತ್ತಿದ್ದವು. ಒಂದು ದಿನ ಮೇಸ್ತ್ರಿ ಹಿಂದೆಯೇ ಬಂದು ಬಾಗಿಲಲ್ಲಿ ನಿಂತ.

“ನಿನಗೆ ಬಿಡುವು ಕೊಟ್ಟಿದ್ದು ನಾಯಿಗೆ. ಮಗೂಗೆ ಗಂಜಿ ಕುಡಿಸ್ತಿದ್ದೀಯಲ್ಲ ಮಾರಾಯ್ತಿ?”

“ನಾಯಿ ಕುಡಿದು ಬಿಟ್ಟಿದ್ದು ಮೇಸ್ತ್ರಿ.”

ಅವನು ಯೋಚನೆ ಮಾಡಿದ. ಅಮ್ಮ ಕೇಳಿದರೆ ಏನು ಹೇಳುವುದು ಅಂತ ಮನಸ್ಸಲ್ಲೇ ಹೇಳಿ ನೋಡಿಕೊಂಡ.

“ಹಂಗಾದ್ರೆ ಅಡ್ಡಿಲ್ಲ,” ಅಂದ.

೫. ಮರಿಗೆ ಜೊತೆ

ಹಣ್ಣು ಕೊಯ್ಲು ಶುರುವಾಯಿತು. ಕೊಯ್ಯುವ ಜಾಗ ಗುಡ್ಡದ ಆಚೆ. ಕಾಲು ಗಂಟೆಯಲ್ಲಿ ಹೋಗಿ ಬರುವುದು ಆಗದ ಮಾತು. ಮರಿ ಮತ್ತೆ ಇಡೀ ದಿನ ಕುಂಯ್‌ಗುಡತೊಡಗಿತು. ಅಮ್ಮ ಎರಡು ದಿನ ತಡೆದುಕೊಂಡರು. ಮೂರನೇ ದಿನ ರೈಟರನ್ನು, ಅಂದರೆ ತೋಟದ ಗುಮಾಸ್ತನನ್ನು ಕರೆಸಿ, ಮರಿ ಇಡಲು ಬೆಚ್ಚಗಿನ ಜಾಗ ಎಲ್ಲಿದೆ ಅಂತ ಕೇಳಿದರು.

ನಾನು ಕೇಳಿದಾಗಲೆಲ್ಲ ಮೂಟೆ ಇಡಲು ಬೇರೆ ಜಾಗವೇ ಇಲ್ಲ ಅಂದಿದ್ದ ಅದೇ ರೈಟರ್ ಅವತ್ತು ಮಧ್ಯಾಹ್ನದೊಳಗೆ ಮಕ್ಕಳ ಮನೆ ಖಾಲಿ ಮಾಡಿಸಿದ. ನೆಲ ತೊಳೆದರು, ಸುಣ್ಣ ಬಳಿದರು, ಬಂಗಲೆಯಿಂದ ಹಳೇ ಕಂಬಳಿ ಬಂತು. ಸೊಂಟ ಬಿದ್ದು ಕೆಲಸ ಬಿಟ್ಟಿದ್ದ ಒಬ್ಬ ಮುದುಕಿಯನ್ನು ಮರಿ ನೋಡಲು ಕೂರಿಸಿದರು.

ಮೊದಲ ದಿನ ಮರಿಯ ಜೊತೆ ಪಕ್ಕದ ಮನೆಯ ಕೂಸನ್ನೂ ಬಿಟ್ಟೆವು. ಮೂರನೇ ದಿನಕ್ಕೆ ಏಳು ಮಕ್ಕಳಾದವು. ರೈಟರ್ ಬಂದು ಕೂಗಾಡಿದ, “ಇದು ನಾಯಿಗೆ ಮಾಡಿರೋದು, ಮಕ್ಕಳನ್ನ ಯಾರು ಬಿಡಕ್ಕೆ ಹೇಳಿದ್ದು?”

ನಾನು ನೇರ ಅಮ್ಮನ ಹತ್ತಿರವೇ ಹೋದೆ. ಕಾನೂನು ಹೇಳಲಿಲ್ಲ. “ಜೊತೆಗೆ ಯಾರಾದ್ರೂ ಆಡ್ತಾ ಇದ್ರೆ ಮರಿ ಅಳಲ್ಲ ಅಮ್ಮ,” ಅಂದೆ.

“ಹೌದು, ಮೊಬೈಲಲ್ಲೂ ಹಾಗೇ ಹೇಳ್ತಾರೆ. ಇರ್ಲಿ ಬಿಡಿ ರೈಟರೇ, ಆಡಿಸ್ಲಿ. ಆದ್ರೆ ಮಕ್ಕಳ ಕೈ ತೊಳೆಸಿ. ಮರಿಗೆ ಏನಾದ್ರೂ ಅಂಟಿದ್ರೆ?”

ಹೀಗೆ ನಮ್ಮ ತೋಟದ ಏಳು ಮಕ್ಕಳಿಗೆ ನಾಯಿ ಆಡಿಸುವ ಉದ್ಯೋಗ ಸಿಕ್ಕಿತು.

೬. ತಪಾಸಣೆ

ಒಂದು ತಿಂಗಳು ಯಾವ ಮಗುವಿನ ಸೊಂಟದಲ್ಲೂ ಸೀರೆ ಗಂಟಿರಲಿಲ್ಲ. ಪಕ್ಕದ ಮನೆಯವಳು ಹಣ್ಣು ಕೊಯ್ಯುತ್ತಾ ಹಾಡು ಹೇಳಿದ್ದನ್ನು ನಾನು ಕೇಳಿದೆ. ಆಗ ಜೀಪಿನಲ್ಲಿ ಸರ್ಕಾರದ ಒಬ್ಬ ಸಾಹೇಬರು ತಪಾಸಣೆಗೆ ಬಂದರು. ಮಕ್ಕಳ ಮನೆಯ ಬೀಗ ಹಾಕಿದ ಬಾಗಿಲನ್ನು ಅಷ್ಟು ವರ್ಷ ಹೊರಗಿನಿಂದ ನೋಡಿ ‘ಸರಿಯಿದೆ’ ಅಂತ ಬರೆದು ಹೋದವರೇ. ಈ ಸಲ ಬಾಗಿಲು ತೆರೆದಿತ್ತು, ಪಾಪ, ಒಳಗೆ ನೋಡಲೇಬೇಕಾಯಿತು.

“ಮಕ್ಕಳಿರೋ ಜಾಗದಲ್ಲಿ ನಾಯಿ! ನಿಯಮಕ್ಕೆ ವಿರುದ್ಧ. ಮೊದಲು ಅದನ್ನ ಹೊರಗೆ ಹಾಕಿ.”

“ಸಾರ್,” ಅಂದೆ, “ನಾಯಿ ಹೊರಗೆ ಹೋದ್ರೆ ಮಕ್ಕಳೂ ಹೊರಗೇ.”

“ಏನಮ್ಮ, ಮಕ್ಕಳ ಆರೋಗ್ಯದ ಬಗ್ಗೆ ನಿಮಗೆ ಕಾಳಜಿನೇ ಇಲ್ವಲ್ಲ!”

ಅಮ್ಮ ಬಂದು ಮರಿಯನ್ನು ಎತ್ತಿಕೊಂಡರು. “ಬೀದಿಗೆ ಹಾಕಕ್ಕಾಗತ್ತಾ? ಎಷ್ಟಾದ್ರೂ ನಮ್ಮ ಮನೆ ರಕ್ತ,” ಅಂತ ಬಂಗಲೆಗೆ ಕೊಂಡೊಯ್ದರು. ಚೀಲದಲ್ಲಿ ಹೋದ ಉಳಿದ ನಾಲ್ಕು ಯಾರ ರಕ್ತ ಅಂತ ಕೇಳಬೇಕು ಅನ್ನಿಸಿತು. ಮರಿ ಅವರ ಹೆಗಲ ಮೇಲಿಂದ ನನ್ನನ್ನೇ ನೋಡುತ್ತಿತ್ತು.

ಸಾಹೇಬರು ಪುಸ್ತಕದಲ್ಲಿ ‘ಸರಿಪಡಿಸಲಾಗಿದೆ’ ಅಂತ ಬರೆದರು. ನಾಯಿ ಇಲ್ಲದ ಮೇಲೆ ಮುದುಕಿ ಯಾಕೆ ಅಂತ ಮುದುಕಿಯನ್ನು ಕಳಿಸಿದರು. ಸಂಜೆಯೊಳಗೆ ಮೂಟೆಗಳು ಆರೋಗ್ಯವಾಗಿ ಒಳಗೆ ಬಂದವು.

೭. ಪಾಠ

ಮತ್ತೆ ಸೀರೆ, ಮತ್ತೆ ಮಂಚದ ಕಾಲು. ನಾನು ಹೊಸ ಅರ್ಜಿ ಬರೆಯಲು ಕೂತೆ. ಹೆಬ್ಬೆಟ್ಟು ಒತ್ತಲು ಕರೆದರೆ ಪಕ್ಕದ ಮನೆಯವಳು ಬರಲಿಲ್ಲ. “ನಿಮ್ಮ ಅರ್ಜಿ ಓದೋನು ಬಂಗಲೇಲಿದಾನಲ್ಲ ಅಕ್ಕ,” ಅಂದಳು.

ನಾಲ್ಕನೇ ದಿನ ಲೈನಿಗೆ ಹತ್ತಿರದ ಕೆಳಗಿನ ತಾಕಿನಲ್ಲಿ ಕೊಯ್ಯುತ್ತಿದ್ದಾಗ ಲೈನಿನ ಕಡೆಯಿಂದ ಸದ್ದು ಬಂತು. ಕುಂಯ್, ಕುಂಯ್. ಎಲ್ಲರ ಕೈಯೂ ನಿಂತಿತು. ಮೇಸ್ತ್ರಿ ಅಭ್ಯಾಸಬಲದಿಂದ ಸೀಟಿ ಬಾಯಿಗಿಟ್ಟ.

ವಾಕಿಂಗಿನಲ್ಲಿದ್ದ ಅಮ್ಮ ಲೈನಿನ ಕಡೆ ಓಡುತ್ತಿರುವುದು ಕಂಡಿತು. ನಾವೂ ಓಡಿದೆವು. “ಮತ್ತೆ ಯಾರು ಮರಿ ಬಿಟ್ಟು ಹೋಗಿದ್ದು?” ಅಂತ ಕೂಗುತ್ತಾ ಅವರು ಪಕ್ಕದ ಮನೆಯ ಬಾಗಿಲು ತಳ್ಳಿದರು.

ಒಳಗೆ ಮರಿಯಿಲ್ಲ. ಕೂಸು ಕುತ್ತಿಗೆ ಮೇಲೆ ಮಾಡಿ, ಕಣ್ಣು ಮುಚ್ಚಿ, ಗೋಡೆಯಾಚೆಗೆ ಕರೆಯುತ್ತಿತ್ತು. ಮೂರು ತಿಂಗಳು ಮರಿಯಿಂದ ಕೇಳಿ ಕಲಿತದ್ದು, ಒಂದು ಎಳೆಯೂ ತಪ್ಪಿರಲಿಲ್ಲ. ಯಾವ ಉತ್ತರವೂ ಬಾರದ್ದಕ್ಕೆ ಮತ್ತೆ ಕರೆಯುತ್ತಿತ್ತು.

ಅಮ್ಮ ಕಿವಿ ಮುಚ್ಚಿಕೊಂಡರು. “ನಿಲ್ಲಿಸೋಕೆ ಹೇಳಿ. ಅಳೋದಾದ್ರೆ ಬೇರೆ ಥರ ಅಳಲಿ. ಇದನ್ನ ಮಾತ್ರ ನನ್ನ ಕೈಲಿ ಕೇಳಕ್ಕಾಗಲ್ಲ.”

“ಅದಕ್ಕೆ ಈಗ ಇದೇ ಬರೋದಮ್ಮ,” ಅಂದಳು ತಾಯಿ.

ಕೂಸು ಇನ್ನೊಂದು ಸಲ ಕುಂಯ್ ಅಂದಿತು. ಅಮ್ಮ ತಿರುಗಿ ನೋಡದೆ ನಡೆದರು. ಮಧ್ಯಾಹ್ನ ರೈಟರ್ ಗೊಣಗುತ್ತಾ ಬಂದು ಮಕ್ಕಳ ಮನೆಯ ಬೀಗ ತೆಗೆದ. ಮೂಟೆ ಹೊರಗೆ, ಮುದುಕಿ ಒಳಗೆ. ಆದರೆ ಅಪ್ಪಣೆ ಆಗಿದ್ದು ಆ ಒಂದು ಕೂಸಿಗೆ ಮಾತ್ರ. “ಉಳಿದವು ಸುಮ್ಮನೆ ಇದಾವಲ್ಲ,” ಅಂದ ರೈಟರ್.

ಸಂಜೆ ಕೆಲಸ ಬಿಟ್ಟ ಮೇಲೆ ಲೈನಿನಲ್ಲಿ ಯಾರೂ ಒಲೆ ಹಚ್ಚಲಿಲ್ಲ. ಜಗುಲಿಯಲ್ಲಿ ಆರು ತಾಯಂದಿರು ಆರು ಮಕ್ಕಳನ್ನು ಎದುರಿಗೆ ಕೂರಿಸಿಕೊಂಡಿದ್ದರು. “ಮೂಗಿಂದ ತೆಗಿ ಮಗಾ, ಎಲ್ಲಿ, ಕುಂಯ್ ಅನ್ನು.” ಪಕ್ಕದ ಮನೆಯ ಕೂಸು ನಡುವೆ ಕೂತು ತಪ್ಪಿದವರನ್ನು ತಿದ್ದುತ್ತಿತ್ತು. ನಾನು ಅರ್ಧ ಬರೆದ ಅರ್ಜಿಯನ್ನು ಹರಿದು ಹಾಕಿದೆ. ಇಷ್ಟು ವರ್ಷ ಅದನ್ನು ಕನ್ನಡದಲ್ಲಿ ಬರೆದದ್ದೇ ನನ್ನ ತಪ್ಪು.