ನಾನು ಹಿಡಿದುಕೊಂಡಿದ್ದ ಕಟ್ಟಡ

ನೆಹರು ಗಂಜ್ ಮಾರುಕಟ್ಟೆಯ ನಮ್ಮ ಎರಡಂತಸ್ತಿನ ಕಟ್ಟಡ ಅವತ್ತು ಬೀಳದೆ ಉಳಿದದ್ದು ನನ್ನೊಬ್ಬಳಿಂದಲೇ ಎಂದು ನಾನು ಎರಡು ತಾಸು ಪ್ರಾಮಾಣಿಕವಾಗಿ ನಂಬಿದ್ದೆ. ಆ ಎರಡು ತಾಸು ನನ್ನ ಜೀವನದ ಅತ್ಯಂತ ಹೆಮ್ಮೆಯ ಗಳಿಗೆ. ಆಮೇಲಿನದು ಬೇರೆ ಮಾತು.

ಕೆಳಗೆ ನನ್ನ ಅಂಗಡಿ. ಗೋಣಿಚೀಲ, ಹಗ್ಗ, ತಾಡಪತ್ರಿ ಮಾರುತ್ತೇನೆ. ಮೇಲೆ ಮೆಹಬೂಬ್ ಚಾಚಾ ಅವರ ಟೇಲರ್ ಅಂಗಡಿ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ನನ್ನ ಕುಪ್ಪಸ ಹೊಲಿದುಕೊಟ್ಟವರು ಅವರೇ. ಈಗ ಎಪ್ಪತ್ತು ದಾಟಿದೆ, ಶೇರ್ವಾನಿ ಬಿಟ್ಟು ಬೇರೇನೂ ಹೊಲಿಯುವುದಿಲ್ಲ. ನನಗೂ ಐವತ್ತು ದಾಟಿದೆ, ಆದರೂ ನಾನು ಅವರಿಗೆ ‘ಬೇಟಿ’ಯೇ.

ಅವತ್ತು ಬೆಳಿಗ್ಗೆ ಕಸ ಹೊಡೆಯುವಾಗ ತಲೆ ಎತ್ತಿ ನೋಡಿದರೆ, ಅಂಗಡಿಯ ನಡುವಿನ ಬೀಮಿನಲ್ಲಿ ಬೆರಳು ತೂರುವಷ್ಟು ಬಿರುಕು! ಕಮಲಾಪುರದ ಶಾಲೆಯಲ್ಲಿ ಗುಮಾಸ್ತರಾಗಿರುವ ನನ್ನ ಗಂಡ ಬೈಕು ಹತ್ತಿ ಹೊರಟಿದ್ದವರು ಇಳಿದು ಬಂದು ನೋಡಿದರು.

“ನಾಳಿ ಮಹಾಗಾಂವದ ಬಂಡೆಪ್ಪ ಮೇಸ್ತ್ರಿನ ಕರಕೊಂಡು ಬರ್ತೀನಿ. ಅಂವಾ ಟೇಕು ಕೊಡ್ತಾನ. ಅಲ್ಲಿತನಕ ಅಂಗಡಿ ಬಂದ್ ಇಡು, ಚಾಚಾಗೂ ಕೆಳಗ ಇಳೀರಿ ಅಂತ ಹೇಳು. ನಿನ್ನ ಶಾಣ್ಯಾತನ ಏನೂ ನಡಸಬ್ಯಾಡ, ಶಾಂತಾ!”

ಮೇಲೆ ಹೋಗಿ ಚಾಚಾಗೆ ಹೇಳಿದೆ. ಅವರು ಸೂಜಿಯಿಂದ ಕಣ್ಣೆತ್ತಲಿಲ್ಲ.

“ಸಂಜೀಗಿ ನಿಕಾಹ್ ಅದ ಬೇಟಿ. ದುಲ್ಹಾ ಬನಿಯನ್ ಮ್ಯಾಲ ಕೂಡಬೇಕೇನು? ಗುಂಡಿ ಹಚ್ಚಿ ಮುಗಿಸಿ ಇಳೀತೀನಿ.”

ಇಂಥ ಮನುಷ್ಯನನ್ನು ಒಡೆದ ಬೀಮಿನ ಮೇಲೆ ಬಿಟ್ಟು ನಾನು ಮನೆಗೆ ಹೋಗಿ ಊಟ ಮಾಡಲೇ? ಟೇಕು ಕೊಡುವುದೆಂದರೇನು, ಬೀಳುವುದರ ಕೆಳಗೆ ಬೀಳದಿರುವುದೊಂದನ್ನು ನಿಲ್ಲಿಸುವುದು. ಇದಕ್ಕೆ ಮೇಸ್ತ್ರಿ ಯಾಕೆ ಬೇಕು?

ಸೆಂಟ್ರಿಂಗ್ ಸಾಮಾನು ಬಾಡಿಗೆಗೆ ಕೊಡುವ ಅಂಗಡಿಗೆ ಹೋದೆ. ಅಲ್ಲಿ ಸ್ಲ್ಯಾಬಿಗೆ ಆಸರೆ ಕೊಡುವ ಕಬ್ಬಿಣದ ಜಾಕಿಗಳಿರುತ್ತವೆ. ಕೊಳವೆಯೊಳಗೊಂದು ಕೊಳವೆ, ನಡುವಿನ ಹಿಡಿಕೆ ತಿರುಗಿಸಿದರೆ ಉದ್ದವಾಗುತ್ತದೆ.

“ಎಷ್ಟು ಬೇಕ್ರೀ ಅಕ್ಕಾರ?”

“ಒಂದು.”

“ಒಂದಾ? ಒಂದರ ಮ್ಯಾಲ ಏನ್ ನಿಲ್ತದ್ರೀ? ಕೆಳಗ ಹಾಕಾಕ ದಪ್ಪನ ಹಲಗಿನೂ ಒಯ್ರಿ.”

“ಬೀಮು ಒಂದ ಅದ, ಜಾಕಿನೂ ಒಂದ ಸಾಕು. ನಮ್ಮಲ್ಲಿ ಶಹಾಬಾದ್ ಕಲ್ಲು ಹಾಸೇದ. ಹಲಗಿ ಯಾತಕ್ಕ?”

ಅವನು ನನ್ನನ್ನು ದಿಟ್ಟಿಸಿ ನೋಡಿದ. ಗೌರವದಿಂದ ಎಂದುಕೊಂಡೆ.

ಜಾಕಿಯನ್ನು ಬಿರುಕಿನ ಕೆಳಗೆ ನಿಲ್ಲಿಸಿ ಹಿಡಿಕೆ ತಿರುಗಿಸಿದೆ. ಬಿರುಕು ಕಿರಿದಾಯಿತು! ಇನ್ನೊಂದು ಸುತ್ತು. ಇನ್ನೂ ಕಿರಿದಾಯಿತು! ಇಷ್ಟು ವರ್ಷ ಹಗ್ಗ ಮಾರಿ ನನ್ನ ಪ್ರತಿಭೆಯನ್ನು ಹಾಳುಮಾಡಿಕೊಂಡೆನಲ್ಲಾ ಎಂದು ಮರುಗುತ್ತ ಮತ್ತೆ ನಾಲ್ಕು ಸುತ್ತು ತಿರುಗಿಸಿದೆ.

ಮೇಲೆ ‘ಟಕ್’ ಎಂದಿತು.

“ಬೇಟಿ,” ಚಾಚಾ ದನಿ ಕೇಳಿತು, “ದರ್ವಾಜಾ ತೆರೀವಲ್ದು.”

ಮೇಲಂತಸ್ತಿನ ನೆಲ ಉಬ್ಬಿ ಅವರ ಬಾಗಿಲಿನ ಚೌಕಟ್ಟು ಸೊಟ್ಟಗಾಗಿತ್ತು. ನಾನು ಯಾರನ್ನು ಕಾಪಾಡಲು ಹೊರಟಿದ್ದೆನೋ ಅವರನ್ನು ಸರಿಯಾಗಿ ಬೀಗ ಜಡಿದು ಕೂಡಿಹಾಕಿದ್ದೆ!

ಗಾಬರಿಯಿಂದ ಹಿಡಿಕೆಗೆ ಕೈ ಹಾಕುವಷ್ಟರಲ್ಲಿ ಜಾಕಿಯ ಕಾಲ ಕೆಳಗಿನ ಕಲ್ಲು ಎರಡು ಹೋಳಾಯಿತು. ಅದರ ಕೆಳಗೆ ಹಳೆಯ ಕಾಲದ ಹಗೇವು ಇದೆಯೆಂದು ನನಗೇನು ಗೊತ್ತು? ಯಾರೋ ಜೋಳ ತುಂಬಿಡುತ್ತಿದ್ದ ಆ ಗುಂಡಿಯನ್ನು ಅರ್ಧಂಬರ್ಧ ಮುಚ್ಚಿ ಕಲ್ಲು ಹಾಸಿದ್ದರು. ಜಾಕಿ ಅದರೊಳಗೆ ಗೇಣುದ್ದ ಇಳಿದು ವಾಲಿತು. ನಾನು ಒಂದೇ ನೆಗೆತಕ್ಕೆ ಅದನ್ನು ಎರಡೂ ತೋಳಿನಿಂದ ಅಪ್ಪಿಕೊಂಡು ಕಣ್ಣು ಮುಚ್ಚಿದೆ.

ಕಟ್ಟಡ ಬೀಳಲಿಲ್ಲ. ನಾನು ಬಿಡಲಿಲ್ಲ.

ಹೀಗೆ ನಿಂತಿರುವಾಗ ಮದುಮಗನ ಅಣ್ಣ ಶೇರ್ವಾನಿ ಒಯ್ಯಲು ಬಂದ.

“ಒಳಗ ಬರಬ್ಯಾಡ್ರಿ! ಬೀಳ್ತದ!” ಎಂದು ಚೀರಿದೆ.

“ಮತ್ತ ನೀವ್ಯಾಕ ನಿಂತೀರಿ?”

“ನಾ ಹಿಡಕೊಂಡೀನಲ್ರೀ!”

ಪಾಪ, ಅವನು ವಾದಿಸಲಿಲ್ಲ. ಅವನ ಫೋನಿನಿಂದಲೇ ನನ್ನ ಗಂಡನಿಗೆ ಸುದ್ದಿ ಹೋಯಿತು. ಬಾಗಿಲಲ್ಲಿ ತೂಗುತ್ತಿದ್ದ ನನ್ನ ಹಗ್ಗವೊಂದನ್ನು ಅವನು ಮೇಲಿನ ಕಿಟಕಿಗೆ ಎಸೆದ. ಚಾಚಾ ಕೊನೆಯ ಗುಂಡಿ ಹಚ್ಚಿ, ಶೇರ್ವಾನಿಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಹಸುಗೂಸನ್ನು ಇಳಿಸುವಂತೆ ಮೆಲ್ಲಗೆ ಇಳಿಸಿದರು. ಅಷ್ಟೊತ್ತಿಗೆ ಬೀದಿಯಲ್ಲಿ ಸೇರಿದ್ದ ಗಂಜಿನ ಹಮಾಲರೆಲ್ಲ ಚಪ್ಪಾಳೆ ತಟ್ಟಿದರು. ನನಗೆ ಯಾರೂ ತಟ್ಟಲಿಲ್ಲ.

ಆಮೇಲೆ ಮೇಲಿಂದ ಚಾಚಾ ಮೆಲುದನಿಯಲ್ಲಿ ಕರೆದರು. “ಬೇಟಿ, ಬಿಟ್ಟು ಹೊರಗ ಹೋಗವ್ವಾ. ನಾ ಮುದುಕ ಅದೀನಿ. ನನ್ನ ಕೆಲಸ ಮುಗೀತು.”

“ಸುಮ್ಮನ ಕೂಡ್ರಿ ಚಾಚಾ! ನಿಮ್ಮನ್ನ ಬಿಟ್ಟು ಹೋಗೋದಿದ್ರ ಮುಂಜಾನೇನ ಹೋಗ್ತಿದ್ದೆ!”

ಕೈ ಜೋಮು ಹಿಡಿದು, ಬೆವರು ಕಣ್ಣಿಗಿಳಿದು, ದೇವರ ಹೆಸರೆಲ್ಲ ಮುಗಿದು, ನೆಂಟರ ಹೆಸರು ಹೇಳತೊಡಗಿದ್ದಾಗ ನನ್ನ ಗಂಡ ಬಂಡೆಪ್ಪನನ್ನು ಬೈಕಿನ ಹಿಂದೆ ಕೂಡಿಸಿಕೊಂಡು ಬಂದರು. ಬಂಡೆಪ್ಪ ಒಳಗೆ ಬಂದು ಬೀಮು ನೋಡಿದ, ಜಾಕಿ ನೋಡಿದ, ನನ್ನನ್ನು ನೋಡಿದ.

“ಅಕ್ಕಾರ, ಬಿಡ್ರಿ.”

“ಬಿಟ್ರ ಬೀಳ್ತದೋ ಬಂಡೆಪ್ಪಾ!”

ಅವನು ಕೈ ಎತ್ತಿ ಜಾಕಿಯ ತಲೆಗೂ ಬೀಮಿಗೂ ನಡುವೆ ನಾಲ್ಕು ಬೆರಳು ತೂರಿಸಿ, ಆರಾಮಾಗಿ ಆಡಿಸಿ ತೋರಿಸಿದ.

“ಬೀಮಿನ ಒಳಗಿನ ಕಬ್ಬಿಣ ಇನ್ನಾ ಗಟ್ಟಿ ಅದರೀ. ಅದ ಹಿಡದದ. ನೀವು ಜಾಕಿ ಹಿಡದೀರಿ, ಅಷ್ಟ.”

ನನ್ನ ಗಂಡ ಗೋಡೆಯ ಕಡೆ ತಿರುಗಿ ನಿಂತರು. ಭುಜ ಕುಲುಕುತ್ತಿದ್ದವು. ಅಳುತ್ತಿರಲಿಲ್ಲ.

ಮೇಸ್ತ್ರಿ ಹಗೇವಿಗೆ ಕಲ್ಲು ತುಂಬಿ ದಮ್ಮಸು ಮಾಡಿದ. ಅಡ್ಡ ಹಲಗೆ ಹಾಸಿ, ಬಿರುಕಿನ ಆಚೆ ಈಚೆ ಸಾಲಾಗಿ ಆರು ಜಾಕಿ ನಿಲ್ಲಿಸಿ, ಬೀಮಿಗೆ ತಾಗುವಷ್ಟೇ ಬಿಗಿದ. ಆಮೇಲೆ ಮೇಲಿನ ಬಾಗಿಲಿನ ತಿರುಗಣಿ ಬಿಚ್ಚಿದ. ಚಾಚಾ ಇಳಿದು ಬಂದು ನನ್ನ ಕೆಂಪಾದ ಅಂಗೈ ನೋಡಿದರು. ತಲೆಯ ಮೇಲೆ ಕೈಯಿಟ್ಟು, ಎಳೆದುಕೊಂಡು ಹೋಗಿ ಚಹಾ ಕುಡಿಸಿದರು. ಸಂಜೆ ನಿಕಾಹ್‌ಗೆ ನಾವೂ ಹೋದೆವು. ಶೇರ್ವಾನಿ ಬಲು ಚೆನ್ನಾಗಿ ಕೂತಿತ್ತು.

ಬೀಮು ದುರಸ್ತಿಯಾಯಿತು. ಕೆಲವು ತಿಂಗಳು ಕಳೆದವು. ಕಮಲಾಪುರದಲ್ಲಿ ಬಂಡೆಪ್ಪ ಕಟ್ಟುತ್ತಿದ್ದ ಹೊಸ ಅಂಗಡಿ ಸಾಲಿಗೆ ಸ್ಲ್ಯಾಬ್ ಹಾಕುವ ದಿನ, ಪೂಜೆಗೆಂದು ನಮ್ಮನ್ನೂ ಚಾಚಾರನ್ನೂ ಕರೆದ. ಹೊಸ ಇಳಕಲ್ ಸೀರೆ ಉಟ್ಟು ಗಂಭೀರವಾಗಿ ಹೋದೆ. ನೂರಾರು ಜಾಕಿಗಳು ಸಾಲಾಗಿ ನಿಂತಿದ್ದವು. ಕೆಲಸದವರಲ್ಲಿ ಒಬ್ಬರೂ ನನ್ನ ಪರಿಚಯದವರಲ್ಲ. ಚಪ್ಪಲಿಯಲ್ಲಿ ಹರಳು ಸಿಕ್ಕಿತ್ತು. ತೆಗೆಯೋಣವೆಂದು ಆಸರೆಗೆ ಪಕ್ಕದ ಜಾಕಿಯತ್ತ ಸುಮ್ಮನೆ ಕೈ ಚಾಚಿದೆ.

“ಅಕ್ಕಾರ! ಮುಟ್ಟಬ್ಯಾಡ್ರೀ!”

ನಾಲ್ಕೂ ದಿಕ್ಕಿನಿಂದ ಒಂದೇ ಕೂಗು. ಮೇಲೆ ಸಿಮೆಂಟ್ ಬುಟ್ಟಿ ಹೊತ್ತವರೂ ಅಲ್ಲೇ ನಿಂತುಬಿಟ್ಟರು. ಎಲ್ಲರಿಗಿಂತ ದೊಡ್ಡ ದನಿ ನನ್ನ ಗಂಡನದು!