ಕುರ್ಚಿ ಹಿಡಿದ ರಿಸೀವರ್

"ನೋಡ್ತಾ ಇರು, ಒಂದೇ ವಾರ! ಈರಿಯ ಜನ ನನ್ನನ್ನು ಹೆಗಲ ಮೇಲೆ ಹೊತ್ತು ಮೆರೆಸದಿದ್ದರೆ ನನ್ನ ಹೆಸರು ಲಮಾಂಟ್ ಪ್ರೂಯಿಟ್ ಅಲ್ಲ!" ಎಂದು ಹೆಂಡತಿಯ ಮುಂದೆ ಎದೆ ತಟ್ಟಿಕೊಂಡೆ. ತಟ್ಟಿಕೊಂಡಿದ್ದಕ್ಕೆ ಅರ್ಧ ಕಾರಣ ಚಳಿ.

"ಹೆಸರು ಬದಲಾಯಿಸೋದಿದ್ರೆ ಬೇಗ ಹೇಳು, ಬಾಗಿಲಿಗೆ ಇನ್ನೂ ಬೋರ್ಡು ಹಾಕಿಲ್ಲ" ಎಂದಳು ಶೆರೀಸ್, ಪೆಟ್ಟಿಗೆ ಬಿಚ್ಚುತ್ತ.

ನನ್ನ ಹೊಟ್ಟೆಪಾಡು ಫುಟ್‌ಬಾಲ್. ಅಮೆರಿಕದ ಫುಟ್‌ಬಾಲ್. ಇದರ ಹೆಸರಲ್ಲಿ ಮಾತ್ರ ಕಾಲು, ಕೆಲಸವೆಲ್ಲ ಕೈಯದು. ಚೆಂಡು ಎಸೆಯುವವನು ಕ್ವಾರ್ಟರ್‌ಬ್ಯಾಕ್. ಓಡಿಹೋಗಿ ಹಿಡಿಯುವವನು ರಿಸೀವರ್. ನಾನು ರಿಸೀವರ್. ಟೀವಿಯಲ್ಲಿ ಬರುವ ದೊಡ್ಡ ಲೀಗಿನವನಲ್ಲ. ಹಾಕಿ ಆಡುವ ಒಳಾಂಗಣದಲ್ಲಿ ಮಂಜುಗಡ್ಡೆಯ ಮೇಲೆ ಹಸಿರು ಚಾಪೆ ಹಾಸಿ, ಸುತ್ತ ಸೊಂಟದೆತ್ತರದ ಗೋಡೆ ನಿಲ್ಲಿಸಿ ಆಡಿಸುವ ಪುಟಾಣಿ ಲೀಗಿನವನು. ದೊಡ್ಡ ಲೀಗಿನವರು ಹಸ್ತಾಕ್ಷರ ಹಾಕಿ ಕೈ ನೋಯಿಸಿಕೊಳ್ಳುತ್ತಾರೆ. ನಾವು ನಮ್ಮ ಬೆವರಿನ ಬಟ್ಟೆಯನ್ನು ನಾವೇ ಒಗೆದು ನೋಯಿಸಿಕೊಳ್ಳುತ್ತೇವೆ.

ಮಾರ್ಚ್ ತಿಂಗಳಲ್ಲಿ ಅಲಬಾಮಾದ ಮೋಬಿಲ್ ತಂಡ ನನ್ನನ್ನು ಉತ್ತರದ ಈರಿ ತಂಡಕ್ಕೆ ಕೊಟ್ಟುಬಿಟ್ಟಿತು. "ನನ್ನ ಬದಲಿಗೆ ಯಾರನ್ನು ತಗೊಂಡ್ರಿ?" ಎಂದು ಹೆಮ್ಮೆಯಿಂದಲೇ ಮ್ಯಾನೇಜರನ್ನು ಕೇಳಿದ್ದೆ. ಉತ್ತರವಾಗಿ ಅವರು ಆಟಗಾರರ ಅದಲು-ಬದಲಿನ ಒಂದು ಗಂಭೀರವಾದ ಪಾರಿಭಾಷಿಕ ಪದ ಹೇಳಿದರು. ಬಿಡಿಸಿ ಹೇಳಿದರೆ ಅರ್ಥ ಇಷ್ಟೇ: 'ಮುಂದೆ ನೋಡೋಣ.'

"ಮುದಿ ಬೆಕ್ಕನ್ನ ಪಕ್ಕದ ಮನೆಗೆ ಕೊಡುವಾಗಲೂ ಒಂದು ಬಟ್ಟಲು ಹಾಲು ಕೇಳ್ತಾರಲ್ಲೋ ಮಾರಾಯ!" ಎಂದಿದ್ದಳು ಶೆರೀಸ್.

ಈರಿಯಲ್ಲಿ ಹಿಮ ಬೀಳುವುದಿಲ್ಲ. ಸರೋವರದ ಕಡೆಯಿಂದ ಯಾರೋ ಬುಟ್ಟಿಗಟ್ಟಲೆ ಹೊತ್ತು ತಂದು ಸುರಿಯುತ್ತಾರೆ. ನಾನು ಹುಟ್ಟಿದ ಮೇಲೆ ಹಿಮ ನೋಡಿದ್ದು ಫ್ರಿಜ್ಜಿನ ಮೇಲಂಕಣದಲ್ಲಿ ಮಾತ್ರ. ಆದರೆ ನನ್ನ ನಿಜವಾದ ಕಷ್ಟ ಹಿಮದ್ದಲ್ಲ, ಚೆಂಡಿನದು. ತಂಡದ ಕ್ವಾರ್ಟರ್‌ಬ್ಯಾಕ್ ಟೆಡ್ ಗ್ರಬೋವ್ಸ್ಕಿ ಇದೇ ಊರಿನ ಹುಡುಗ. ತನಗೆ ಗೊತ್ತಿದ್ದ ಮೂವರು ಹಳೇ ರಿಸೀವರುಗಳಿಗೇ ಚೆಂಡು ಎಸೆಯುವನು. ನಾನು ಮೂಲೆಯಲ್ಲಿ ಕೈಯೆತ್ತಿ ನಿಂತರೆ ಪೊಲೀಸರಿಗೆ ಶರಣಾದವನಂತೆ ಕಾಣುತ್ತಿದ್ದೆ.

ಕೋಚ್ ಹಾಲೊರಾನ್ ಕರೆದು ಹೇಳಿದರು: "ಪ್ರೂಯಿಟ್, ರಿಸೀವರುಗಳು ನಾಲ್ಕು ಜನ ಇದ್ದೀರಿ, ಜಾಗ ಮೂರು. ಶನಿವಾರದ ಆಟ ನೋಡಿ ಒಬ್ಬನನ್ನ ಬಿಡ್ತೀನಿ."

ಮನೆಗೆ ಬಂದು ಹೇಳಿದೆ. ಶೆರೀಸ್ ಸೊಂಟದ ಮೇಲೆ ಕೈಯಿಟ್ಟಳು. "ನನಗಿಲ್ಲಿ ಬೇಕರೀಲಿ ಕೆಲಸ ಸಿಕ್ಕಾಗಿದೆ. ಒಲೆ ಪಕ್ಕ, ಬೆಚ್ಚಗಿದೆ. ಇನ್ನೊಂದ್ಸಲ ಪೆಟ್ಟಿಗೆ ಕಟ್ಟೋಳಲ್ಲ ನಾನು. ಕಟ್ಟಿದ್ರೆ ನಿನ್ನನ್ನ ಒಳಗೆ ಹಾಕಿ ಕಟ್ಟೋದು."

"ಯೋಚನೆ ಬೇಡ! ಎಸೆಯುವವನ ಹೊಟ್ಟೆ ತುಂಬಿದರೆ ಹಿಡಿಯುವವನ ಕೈ ತುಂಬುತ್ತೆ. ನಾಳೆ ಸಂಜೆ ಟೆಡ್‌ನನ್ನ ಊಟಕ್ಕೆ ಕರೀತೀನಿ."

"ಕರಿ. ಸೀಗಡಿ ಹಾಕಿ ನಮ್ಮೂರಿನ ಗಂಬೋ ಸಾರು ಮಾಡ್ತೀನಿ. ಆದ್ರೆ ಕೂರಿಸೋದೆಲ್ಲಿ? ಮನೇಲಿರೋದು ಎರಡೇ ಕುರ್ಚಿ. ತೊಡೆ ಮೇಲೆ ಕೂರಿಸ್ಕೋತೀಯಾ?"

ಅದಕ್ಕೆ ಉತ್ತರವನ್ನು ದೇವರೇ ಮರುದಿನ ಮಧ್ಯಾಹ್ನ ಬೀದಿಯಲ್ಲಿಟ್ಟಿದ್ದ! ಅಭ್ಯಾಸ ಮುಗಿಸಿ ನನ್ನ ಹಳೇ ಗಾಡಿಯಲ್ಲಿ ಬರುತ್ತಿದ್ದೇನೆ. ರಸ್ತೆಯ ಎರಡೂ ಬದಿಗೆ ಹಿಮದ ಗುಡ್ಡೆ, ಗಾಡಿ ನಿಲ್ಲಿಸಲು ಅಂಗೈಯಗಲ ಜಾಗವಿಲ್ಲ. ನಮ್ಮ ಮನೆಯ ಎದುರಿನ ಸಾಲಿನಲ್ಲಿ ಮಾತ್ರ ಒಂದು ಗಾಡಿಯಷ್ಟು ಜಾಗ ಮದುವೆ ಮನೆಯ ಅಂಗಳದಂತೆ ನುಣ್ಣಗಿತ್ತು. ಅದರ ನಟ್ಟನಡುವೆ ಒಂದು ಕುರ್ಚಿ! ಸ್ಟೀಲಿನ ಕಾಲು, ಕೆಂಪು ರೆಕ್ಸಿನ್ನಿನ ಆಸನ. ಒಂದು ಕಡೆ ಹರಿದಿದೆ, ಎಡಕ್ಕೆ ಸ್ವಲ್ಪ ವಾಲುತ್ತದೆ, ಅಷ್ಟೇ.

ನಮ್ಮ ಮೋಬಿಲ್‌ನಲ್ಲಿ ಬೇಡದ ಸಾಮಾನನ್ನು ರಸ್ತೆ ಬದಿಗಿಟ್ಟರೆ ಮೊದಲು ಕಂಡವನದು. ನಮ್ಮ ಮಂಚ, ಸೋಫಾ, ದೀಪ ಎಲ್ಲ ಹಾಗೆ ಬಂದ ಆಸ್ತಿಯೇ. ಕುರ್ಚಿಯನ್ನು ಎತ್ತಿಕೊಂಡೆ. ಖಾಲಿಯಾದ ಜಾಗದಲ್ಲಿ ಗಾಡಿ ನಿಲ್ಲಿಸಿದೆ. ಮಂತ್ರಿಗಳು ವರ್ಷಾನುಗಟ್ಟಲೆ ಒದ್ದಾಡಿದರೂ ಸಿಗದ ಕುರ್ಚಿ ನನಗೆ ಪ್ರಮಾಣವಚನವೂ ಇಲ್ಲದೆ ಸಿಕ್ಕಿತ್ತು!

"ಇಷ್ಟು ಗಟ್ಟಿ ಕುರ್ಚೀನ ಯಾರೋ ಬಿಸಾಡೋದು?" ಎಂದಳು ಶೆರೀಸ್ ಅನುಮಾನದಿಂದ.

"ಉತ್ತರದವರು ಕಣೇ. ಹರಿದಿದ್ದನ್ನ ಹೊಲಿಯೋ ತಾಳ್ಮೆ ಎಲ್ಲಿದೆ ಇವರಿಗೆ?"

ಹರಿದ ರೆಕ್ಸಿನ್ನಿನ ಮೇಲೆ ಹಳೇ ತಂಡದ ಚೀಲದ ನೀಲಿ ಬಟ್ಟೆ ಎಳೆದು ಮೊಳೆ ಹೊಡೆದೆ. ಹೊಚ್ಚ ಹೊಸದಾಯಿತು. ಎಡಕ್ಕೆ ವಾಲಿದರೆ ಮಾತ್ರ 'ಕ್ರೀಂಯ್ಯ್' ಎಂದು ಇಲಿ ಸಿಕ್ಕಿಬಿದ್ದಂತೆ ಕೂಗುತ್ತಿತ್ತು.

ಸಂಜೆ ಟೆಡ್ ತಡವಾಗಿ ಬಂದ. ಮೈಮೇಲೆಲ್ಲ ಹಿಮ, ಮುಖದಲ್ಲಿ ಸಿಟ್ಟು. ಅತಿಥಿಗೆ ಒಳ್ಳೆಯದೇ ಇರಲಿ ಎಂದು ಶೆರೀಸ್ ಅವನನ್ನು ನೀಲಿ ಕುರ್ಚಿಯಲ್ಲೇ ಕೂರಿಸಿದಳು.

"ಕ್ಷಮಿಸಿ, ತಡ ಆಯ್ತು. ನಮ್ಮ ಬಾಬ್ಚಾನ ಸಮಾಧಾನ ಮಾಡಿ ಬರೋಷ್ಟ್ರಲ್ಲಿ ಸಾಕಾಯ್ತು. ಬಾಬ್ಚಾ ಅಂದ್ರೆ ಅಜ್ಜಿ, ನಮ್ಮ ಪೋಲಿಷ್ ಮನೆಗಳಲ್ಲಿ ಹಾಗನ್ನೋದು. ಯಾವನೋ ಅವಳ ಕುರ್ಚಿ ಕದ್ದಿದ್ದಾನೆ."

"ಅಜ್ಜಿಯ ಕುರ್ಚೀನಾ!" ಮೇಜು ಗುದ್ದಿದೆ. "ಎಂಥಾ ನೀಚ! ಅಂಥವನ ಕೈ ಮುರೀಬೇಕು!"

"ಮನೆಗೆ ನುಗ್ಗಿದ್ನಾ?" ಎಂದಳು ಶೆರೀಸ್.

"ಮನೆಗೆಲ್ಲಿ? ಬೀದೀಲಿತ್ತು."

ನನ್ನ ಚಮಚ ಗಂಬೋಗೂ ಬಾಯಿಗೂ ಮಧ್ಯೆ ನಿಂತುಬಿಟ್ಟಿತು. "ಬೀದೀಲಿ... ಕುರ್ಚಿ... ಯಾಕಿಡ್ತಾರೆ?"

"ಗೊತ್ತಿಲ್ವಾ ಗುರೂ? ಹಿಮ ಎತ್ತಿ ಗಾಡಿಗೆ ಜಾಗ ಮಾಡಿದೋರು ಅಲ್ಲೊಂದು ಕುರ್ಚಿ ಇಟ್ಟು ಹೋಗ್ತಾರೆ. ಈ ಜಾಗ ನಂದು ಅಂತ. ಕುರ್ಚಿ ಕಂಡ್ರೆ ಮೇಯರ್ ಗಾಡೀನೂ ಸುಮ್ನೆ ಮುಂದೆ ಹೋಗುತ್ತೆ. ಚರ್ಚಲ್ಲಿ ನಿಂತು ಸುಳ್ಳು ಹೇಳಿದ್ರೂ ಕ್ಷಮೆ ಇದೆ, ಕುರ್ಚಿ ಮುಟ್ಟಿದೋನಿಗಿಲ್ಲ. ಬೆಳಿಗ್ಗೆಯಿಂದ ಬೆನ್ನು ಬಗ್ಗಿಸಿ ಎತ್ತಿದ್ಲು ಪಾಪ. ಮೊಮ್ಮಗ ದಣಿದು ಬರ್ತಾನೆ, ಗಾಡಿ ನಿಲ್ಲಿಸಲಿ ಅಂತ!"

ಶೆರೀಸ್ ನನ್ನ ಕಡೆ ತಿರುಗಿದಳು. ಆ ನೋಟದಲ್ಲೇ ಇನ್ನೊಂದು ಹಿಮಪಾತವಿತ್ತು.

"ಅಲ್ಲಿ ಗಾಡಿ ನಿಲ್ಲಿಸಿದೋನು ಯಾರಂತ..." ಎಂದು ತೊದಲಿದೆ.

"ನಂಬರ್ ಪ್ಲೇಟು ಹಿಮದಲ್ಲಿ ಮುಚ್ಚಿದೆ. ಬಾಬ್ಚಾ ಅದರ ಮೇಲೆ ಬಕೆಟ್ಟಿನಿಂದ ನೀರು ಸುರೀತಾ ಇದಾಳೆ. ಬೆಳಿಗ್ಗೆಗೆ ಗಾಡಿ ಐಸ್‌ಕ್ಯಾಂಡಿ! ಆ ಬ್ರೆಡ್ಡು ಈ ಕಡೆ ಕೊಡ್ತೀರಾ?"

ಬ್ರೆಡ್ಡು ಅವನ ಎಡಕ್ಕಿತ್ತು. ನಾನು ಚಂಗನೆ ನೆಗೆದು ತಟ್ಟೆಯನ್ನು ಅವನ ಬಲಕ್ಕೆ ತಂದೆ. ಎಡಕ್ಕಿದ್ದ ಉಪ್ಪನ್ನೂ ತಂದೆ. ನೀರಿನ ಲೋಟವನ್ನೂ ತಂದೆ. ಬೆಣ್ಣೆಯೊಂದನ್ನು ಬಿಟ್ಟು ಇಡೀ ಮೇಜೇ ಬಲಕ್ಕೆ ವಲಸೆ ಹೋಯಿತು. ಮೈದಾನದಲ್ಲಿ ಆ ಚುರುಕು ತೋರಿಸಿದ್ದರೆ ನಾನಿಷ್ಟು ಹೊತ್ತಿಗೆ ದೊಡ್ಡ ಲೀಗಿನಲ್ಲಿರುತ್ತಿದ್ದೆ!

"ಬೆಣ್ಣೆ ನಾನೇ ತಗೋತೀನಿ ಬಿಡು" ಎಂದು ಟೆಡ್ ಎಡಕ್ಕೆ ವಾಲಿದ.

ಕ್ರೀಂಯ್ಯ್!

ಟೆಡ್‌ನ ಕೈ ಬೆಣ್ಣೆಯ ಮೇಲೇ ನಿಂತಿತು. ನೆಟ್ಟಗೆ ಕೂತ. ಮತ್ತೆ ಮೆಲ್ಲಗೆ ಎಡಕ್ಕೆ ವಾಲಿದ. ಕ್ರೀಂಯ್ಯ್! ಎದ್ದು ಕುರ್ಚಿಯನ್ನು ತಲೆಕೆಳಗು ಮಾಡಿದ. ಆಸನದ ಅಡಿಯಲ್ಲಿ ಕಲ್ಲಿನಂತೆ ಗಟ್ಟಿಯಾದ ಗುಲಾಬಿ ಬಣ್ಣದ ಉಂಡೆಯೊಂದು ಅಂಟಿತ್ತು.

"ಈ ಚ್ಯೂಯಿಂಗ್ ಗಮ್ ನಂದು" ಎಂದ ಶಾಂತವಾಗಿ. "ಆರನೇ ಕ್ಲಾಸಲ್ಲಿ ಅಂಟಿಸಿದ್ದು."

"ಟೆಡ್, ನಮ್ಮ ಕಡೆ ರಸ್ತೇಲಿ ಇಟ್ರೆ..."

"ಗಂಬೋ ತುಂಬಾ ಚೆನ್ನಾಗಿತ್ತು ಶೆರೀಸ್" ಎಂದು ಕೋಟು ಹಾಕಿಕೊಂಡ. ಬಾಗಿಲಲ್ಲಿ ನಿಂತು, ನನ್ನತ್ತ ನೋಡದೆ ಸೇರಿಸಿದ: "ಕುರ್ಚೀನ ನಾನು ಒಯ್ಯಲ್ಲ. ಎತ್ತಿದೋನೇ ತಂದುಕೊಡಲಿ."

ಬಾಗಿಲು ಮುಚ್ಚಿತು. ಶೆರೀಸ್ ಬಾಯಿ ಬಿಡುವ ಮೊದಲೇ ಹೇಳಿದೆ: "ಗೊತ್ತು."

"ಏನು ಗೊತ್ತು? ಕೈ ಮುರೀಬೇಕು ಅಂದ್ಯಲ್ಲ, ಎಡಗೈನಾ ಬಲಗೈನಾ?"

ಬೆಳಿಗ್ಗೆ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ರಸ್ತೆ ದಾಟಿದೆ. ಪಕ್ಕದಲ್ಲಿ ನನ್ನ ಗಾಡಿ ಗಾಜಿನೊಳಗಿನ ಮೀನಿನಂತೆ ಹೊಳೆಯುತ್ತಿತ್ತು. ಬಾಗಿಲು ತೆರೆದ ಬಾಬ್ಚಾ ನನ್ನ ಮೊಣಕೈಯೆತ್ತರದವಳು. ಕೈಯಲ್ಲಿದ್ದ ಹಿಮದ ಸಲಿಕೆ ಅವಳಿಗಿಂತ ಉದ್ದ.

"ಕದ್ದೋನು ನೀನೇನಾ?"

"ಕದ್ದಿಲ್ಲ ಅಮ್ಮಾ, ಎತ್ತಿಕೊಂಡೆ."

"ಎತ್ತಿಕೊಳ್ಳೋಕೆ ಅದೇನು ಅಳೋ ಮಗೂನಾ?"

"ಬಿಸಾಡಿದೀರಿ ಅಂದ್ಕೊಂಡೆ. ನಮ್ಮೂರಲ್ಲಿ ಹಿಮ ಬೀಳಲ್ಲ ಅಮ್ಮಾ..."

"ಬುದ್ಧೀನೂ ಬೀಳಲ್ವಾ?" ಎಂದವಳೇ ಸಲಿಕೆಯನ್ನು ನನ್ನ ಕೈಗಿಟ್ಟಳು. "ಮೆಟ್ಟಿಲಿಂದ ಶುರು ಮಾಡು. ನೀಲಿ ಬಟ್ಟೆ ಚೆನ್ನಾಗಿದೆ, ಅದಿರಲಿ."

ಅಂದಿನಿಂದ ನನ್ನ ದಿನಚರಿ ಇಷ್ಟು: ಬೆಳಿಗ್ಗೆ ಬಾಬ್ಚಾಳ ಅಂಗಳ, ಆಮೇಲೆ ಬಸ್ಸು ಹಿಡಿದು ಅಭ್ಯಾಸ. ಇಡೀ ದಿನದಲ್ಲಿ ನಾನು ಹಿಡಿಯುತ್ತಿದ್ದುದು ಆ ಬಸ್ಸೊಂದನ್ನೇ! ಟೆಡ್ ನನ್ನ ಕಡೆ ಚೆಂಡಿರಲಿ, ದೃಷ್ಟಿಯನ್ನೂ ಎಸೆಯಲಿಲ್ಲ.

"ಸಿಟ್ಟಾ?" ಎಂದು ಕೇಳಿಯೇಬಿಟ್ಟೆ.

"ಸಿಟ್ಟೇನಿಲ್ಲ ಗುರೂ. ನೀನು ಕಣ್ಣಿಗೇ ಬೀಳ್ತಿಲ್ಲ. ಬಾಬ್ಚಾ ಏನಂತಾಳೋ ನೋಡೋಣ."

ಅಂದರೆ ನನ್ನ ಹೊಟ್ಟೆಪಾಡು, ಹೆಂಡತಿಯ ಬೆಚ್ಚಗಿನ ಒಲೆ ಎಲ್ಲ ಈಗ ಆ ಸಲಿಕೆಯ ತುದಿಯಲ್ಲಿತ್ತು. ಎತ್ತಿದೆ ನೋಡಿ ಹಿಮ! ಗಾಳಿಗೆದುರಾಗಿ ಎಸೆದೆ, ಪೂರ್ತಿ ನನ್ನ ಮುಖಕ್ಕೇ ಬಂತು. ಈ ಊರಲ್ಲಿ ನನ್ನ ಕಡೆಗೆ ಬಂದ ಮೊದಲ ಪಾಸ್ ಅದು! ಮೆಟ್ಟಿಲ ಹಿಮವನ್ನು ದಾರಿಗೆ ಹಾಕಿದೆ, ದಾರಿಯದನ್ನು ಮತ್ತೆ ಮೆಟ್ಟಿಲಿಗೆ ಹಾಕಿದೆ. ಪಕ್ಕದ ಮನೆಯ ಅಂಚೆ ಡಬ್ಬಿಯನ್ನು ಹೂತುಹಾಕಿದೆ. ಪೋಸ್ಟ್‌ಮ್ಯಾನ್ ಹುಡುಕಿಕೊಂಡು ಬಂದಾಗ ನನ್ನ ಟೊಪ್ಪಿಗೆ ಸಿಕ್ಕಿತು, ಡಬ್ಬಿ ಸಿಗಲಿಲ್ಲ. ಸಲಿಕೆಯ ಹಿಡಿಯನ್ನೂ ಮುರಿದೆ. ಬಾಬ್ಚಾ ಕಿಟಕಿಯ ಗಾಜು ಬಡಿದು ಕೂಗುತ್ತಿದ್ದಳು: "ಮೊಣಕಾಲು ಬಗ್ಗಿಸೋ! ಮೊಣಕಾಲು! ಅಯ್ಯೋ, ಬೆನ್ನಲ್ಲ!"

ಕೊನೆಗೆ ಒಳಗೆ ಕರೆದು ಆಲೂಗಡ್ಡೆ ತುಂಬಿದ ಪಿರೋಗಿ ಕಡುಬು ಬಡಿಸುತ್ತಿದ್ದಳು. ನಾನು ತಿನ್ನುವುದನ್ನು ಕೆನ್ನೆಗೆ ಕೈ ಕೊಟ್ಟು ನೋಡುತ್ತಿದ್ದಳು. ಆ ಕಣ್ಣಿನಲ್ಲಿ ದಿನದಿನಕ್ಕೆ ಏನೋ ಕರಗುತ್ತಿದ್ದುದು ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು.

"ಮುದುಕಿಯ ಮನಸ್ಸು ಗೆದ್ದೆ ಕಣೇ! ಶ್ರಮಕ್ಕೆ ಬೆಲೆ ಇದೆ" ಎಂದೆ ಶೆರೀಸ್‌ಗೆ, ಸೊಂಟಕ್ಕೆ ಮುಲಾಮು ಹಚ್ಚಿಸಿಕೊಳ್ಳುತ್ತ.

"ಸರಿ, ಕವುಚಿ ಮಲಗು" ಎಂದಳು.

ಶನಿವಾರ ಒಳಾಂಗಣ ತುಂಬಿತ್ತು. ಗೋಡೆಗೆ ಅಂಟಿದ ಮೊದಲ ಸಾಲಿನಲ್ಲಿ ಬಾಬ್ಚಾ, ಪಕ್ಕದಲ್ಲಿ ಶೆರೀಸ್. ಮೊದಲರ್ಧದಲ್ಲಿ ನಾನು ಓಡಿದೆ, ತಿರುಗಿದೆ, ಕೈಯೆತ್ತಿದೆ, ಕೈಯಿಳಿಸಿದೆ. ವ್ಯಾಯಾಮ ಚೆನ್ನಾಯಿತು. ಚೆಂಡು ಬರಲಿಲ್ಲ. ಕೋಚ್ ನನ್ನ ಕಡೆ ನೋಡಿ, ವೈದ್ಯರು ರೋಗಿಯ ಮನೆಯವರ ಎದುರು ಆಡಿಸುವಂತೆ ತಲೆಯಾಡಿಸಿದರು.

ವಿರಾಮದಲ್ಲಿ ಬಾಬ್ಚಾ ಬೆರಳು ಮಡಿಸಿ ಮೊಮ್ಮಗನನ್ನು ಕರೆದಳು. ಗೋಡೆಯ ಮೇಲಿಂದ ಬಗ್ಗಿ ಅವನ ಕಿವಿಯಲ್ಲಿ ಏನೋ ಹೇಳಿದಳು. ಟೆಡ್ ನನ್ನನ್ನು ನೋಡಿದ. ಮತ್ತೆ ಅಜ್ಜಿಯನ್ನು ನೋಡಿದ. ಆಯ್ತೆಂದು ತಲೆಯಾಡಿಸಿದ.

ಆಟ ಮತ್ತೆ ಶುರುವಾದದ್ದೇ ತಡ, ಚೆಂಡು ಬಂತು! ನನಗೇ! ಹಿಡಿದೆ. ಇನ್ನೊಂದು ಬಂತು, ಅದನ್ನೂ ಹಿಡಿದೆ. ಕೊನೆಯ ಗಳಿಗೆಯಲ್ಲಿ ತಲೆಯ ಮೇಲಿಂದ ಹಾರಿ ಬಂದದ್ದನ್ನು ನೆಗೆದು ತಬ್ಬಿಕೊಂಡೆ. ಅಂಕವೂ ಬಂತು, ಗೋಡೆಯೂ ಬಂತು! ಗೋಡೆ ದಾಟಿ ದಪ್ಪನೆ ಮೊದಲ ಸಾಲಿಗೆ ಬಿದ್ದೆ. ಕಣ್ಣು ಬಿಟ್ಟರೆ ಮೇಲುಗಡೆ ಬಾಬ್ಚಾಳ ಮುಖ.

"ಏಳು ತಮ್ಮಾ" ಎಂದಳು. "ಇದೂ ನನ್ನ ಕುರ್ಚೀನೇ."

ಗೆದ್ದೆವು. ಕೋಚ್ ಹಾದು ಹೋಗುತ್ತ "ಸೋಮವಾರ ಸಿಗೋಣ ಪ್ರೂಯಿಟ್" ಎಂದರು. ಆ ಪುಟ್ಟ ಮಾತಿಗೆ ಶೆರೀಸ್ ಗೋಡೆಯಾಚೆಯಿಂದ ಹಾಕಿದ ಕೇಕೆ ಸರೋವರದ ಆಚೆಯ ಕೆನಡಾಕ್ಕೂ ಕೇಳಿಸಿರಬೇಕು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಟೆಡ್ ಪಕ್ಕ ಕೂತು, ಎದೆಯುಬ್ಬಿಸಿ ಹೇಳಿದೆ: "ಅಂತೂ ಬಾಬ್ಚಾ ಕ್ಷಮಿಸಿದ್ರು ನೋಡು! ನನ್ನ ಸಲಿಕೆ ಕೆಲಸ ಅವರ ಮನಸ್ಸು ಮುಟ್ಟಿದೆ."

"ಮುಟ್ಟಿದೆ, ಮುಟ್ಟಿದೆ" ಎಂದ ಟೆಡ್, ಬೂಟಿನ ದಾರ ಬಿಚ್ಚುತ್ತ.

"ವಿರಾಮದಲ್ಲಿ ಏನಂದ್ರು, ನಿಜ ಹೇಳು."

"ಹೇಳ್ಲಾ? 'ಟೆಡ್ಡೀ, ಆ ಹುಡುಗನಿಗೆ ಚೆಂಡು ಕೊಡೋ. ಅವನು ಹಿಮ ಎತ್ತೋದನ್ನ ದಿನಾ ಕಣ್ಣಾರೆ ನೋಡಿದೀನಿ. ಇದೊಂದು ಕೆಲಸ ಹೋದ್ರೆ ಈ ಪ್ರಾಣಿ ಬೇರೆ ಯಾವ ಕೆಲಸ ಮಾಡಿಯೂ ಬದುಕೋ ಹಾಗೆ ಕಾಣಲ್ಲ!' ಅಂದ್ಲು."