ಅಜ್ಜಿಯ ಮುದ್ದೆ ಎಷ್ಟು ದಪ್ಪ?

ನಮ್ಮಜ್ಜಿಗೆ ಮೊಮ್ಮಕ್ಕಳ ಹೆಸರೇ ಸರಿಯಾಗಿ ಗೊತ್ತಿರಲಿಲ್ಲ ಎಂದರೆ ನೀವು ನಂಬುವುದಿಲ್ಲ. ನನ್ನನ್ನು ಕರೆಯಬೇಕಾದರೆ ಮೊದಲು ನನ್ನ ಅಮ್ಮನ ಹೆಸರು, ಆಮೇಲೆ ಚಿಕ್ಕಮ್ಮನ ಹೆಸರು, ನಡುವೆ ಕೊಟ್ಟಿಗೆಯ ಎಮ್ಮೆಯ ಹೆಸರೂ ಬಂದುಹೋಗಿ, ಕೊನೆಗೆ ಸುಸ್ತಾಗಿ “ಏ ಇವಳೇ” ಎನ್ನುತ್ತಿದ್ದಳು. ಆದರೆ ಮುದ್ದೆ? ಅಲ್ಲಿ ತಪ್ಪುವ ಮಾತೇ ಇಲ್ಲ! ಯಾರ ಹೊಟ್ಟೆಗೆ ಎಷ್ಟು ದಪ್ಪದ ಮುದ್ದೆ ಎನ್ನುವುದು ಅವಳ ಅಂಗೈಗೆ ಬಾಯಿಪಾಠವಾಗಿತ್ತು.

ಅಂಥ ಅಜ್ಜಿ ತೀರಿಕೊಂಡ ಮೇಲೆ ಬಂದ ಮೊದಲ ಹಿರಿಯರ ಹಬ್ಬ ಇದು. ಹೊಸದುರ್ಗದ ಹತ್ತಿರದ ಸೋದರಮಾವನ ಮನೆಯಲ್ಲಿ ಅವಳಿಗೆ ಎಡೆ ಇಡಬೇಕಿತ್ತು. ಹೋದವರಿಗೆ ಇಷ್ಟವಾದದ್ದನ್ನು ಎಲೆಗೆ ಇಡುವುದು ಪದ್ಧತಿ. ಅಜ್ಜಿಗೆ ಮುದ್ದೆ ಅಲ್ಲದೆ ಇನ್ನೇನು? ಮಣೆಯ ಮೇಲೆ ಹೊಗೆಯಾಡುವ ಹಿಟ್ಟು ಸುರಿದುಕೊಂಡು, ಕೈ ಒದ್ದೆ ಮಾಡಿಕೊಂಡು ಕುಳಿತವಳು ನಾನು. ಎಷ್ಟು ದಪ್ಪದ್ದು ಕಟ್ಟಲಿ ಎಂದು ಕೇಳಿದಾಗಲೇ ಹೊರಬಿದ್ದದ್ದು, ಆ ಮನೆಯಲ್ಲಿ ಒಬ್ಬರಿಗೂ ಅದು ಗೊತ್ತಿಲ್ಲ ಎಂದು!

ಹಾಗೆ ನೋಡಿದರೆ ನಮ್ಮೆಲ್ಲರ ಮುದ್ದೆಗೂ ಒಂದೊಂದು ಚರಿತ್ರೆಯಿದೆ. ನಾನು ಚಿತ್ರದುರ್ಗದಲ್ಲಿ ಕಾನ್ವೆಂಟಿನಲ್ಲಿ ಓದಿದವಳು. ಬಾಯಿ ಮುಚ್ಚಿಕೊಂಡು, ಸದ್ದಾಗದಂತೆ, ಚೆನ್ನಾಗಿ ಅಗಿದು ತಿನ್ನಬೇಕೆಂದು ಸಿಸ್ಟರುಗಳು ಕಲಿಸಿದ್ದರು. ರಜೆಗೆ ಅಜ್ಜಿಯ ಊರಿಗೆ ಹೋದವಳು ಮುದ್ದೆಯನ್ನೂ ಹಾಗೇ ಅಗಿಯುತ್ತ ಕುಳಿತೆ. ಅಜ್ಜಿ ಸೌಟು ಹಿಡಿದುಕೊಂಡೇ ಎದುರಿಗೆ ಕುಕ್ಕರಗಾಲಲ್ಲಿ ಕುಳಿತು ನನ್ನ ದವಡೆಯ ಓಡಾಟವನ್ನು ತುಸು ಹೊತ್ತು ನೋಡಿದಳು.

“ಎಮ್ಮೆನೂ ಹಿಂಗೆ ಮೆಲುಕು ಹಾಕಲ್ಲ ಕಣವ್ವ. ನುಂಗು.”

“ಸಿಸ್ಟರ್ ಬೈತಾರಜ್ಜಿ.”

“ನಿಮ್ಮ ಸಿಸ್ಟರ್‌ನ ಒಂದಿನ ಊಟಕ್ಕೆ ಕರ್ಕಂಡ್ ಬಾ. ಅವ್ರಿಗೂ ಕಲಿಸ್ತೀನಿ.”

ಅಂದಿನಿಂದ ನನಗೆ ನಿಂಬೆಹಣ್ಣಿನ ಗಾತ್ರದ ಮುದ್ದೆ ಗೊತ್ತುಮಾಡಿದಳು. ಹೆಸರು ಕಾನ್ವೆಂಟ್ ಮುದ್ದೆ! ಬಡಿಸುವಾಗೆಲ್ಲ ಅದನ್ನು ಬೆಳಕಿಗೆ ಹಿಡಿದು, “ಇಷ್ಟೇನಾ ತಾಯಿ? ಇದ್ರಾಗೆ ಜೀವ ಹೆಂಗೆ ನಿಂತೈತೆ?” ಎನ್ನುವಳು. ನನಗೆ ಮದುವೆಯಾಗಿ ಮಕ್ಕಳಾದರೂ ಆ ಗಾತ್ರವೂ ಬದಲಾಗಲಿಲ್ಲ, ಆ ಪ್ರಶ್ನೆಯೂ ನಿಲ್ಲಲಿಲ್ಲ.

ಮಾವನದು ತೆಂಗಿನಕಾಯಿ ಗಾತ್ರ. ಅದರಲ್ಲಿ ಒಂದು ತುತ್ತು ಉಳಿದರೂ ಅಜ್ಜಿಗೆ ಮನೆಯ ಹವಾಮಾನವೆಲ್ಲ ತಿಳಿದುಬಿಡುತ್ತಿತ್ತು. ಒಮ್ಮೆ ಅತ್ತೆಯೊಡನೆ ಮಾತು ಬಿಟ್ಟಿದ್ದ ಮಾವ, ಗಂಟಲಲ್ಲಿ ಇಳಿಯದ ಮುದ್ದೆಯನ್ನು ಗುಟ್ಟಾಗಿ ಹಿತ್ತಿಲಿನ ನಾಯಿಗೆ ಹಾಕಿ, ತೊಳೆದಂಥ ತಟ್ಟೆ ತಂದಿಟ್ಟರು. ಗೆದ್ದೆ ಎಂದುಕೊಂಡಿರಬೇಕು, ಪಾಪ. ಸಂಜೆ ಅಜ್ಜಿ ನಾಯಿಗೆ ಅನ್ನ ಹಾಕಿದರೆ ಅದು ಮೂಸಿಯೂ ನೋಡಲಿಲ್ಲ. ಅಜ್ಜಿ ನಾಯಿಯ ಹೊಟ್ಟೆ ನೋಡಿದಳು, ಮಗನ ಮುಖ ನೋಡಿದಳು.

“ಹೋಗಿ ಹೆಂಡ್ತಿನ ಮಾತಾಡ್ಸಲೇ. ನಾಯಿ ಹೊಟ್ಟೆ ಒಡ್ದು ಸಾಯ್ತೈತೆ.”

ಹಿರಿಯೂರಿನಿಂದ ನನ್ನನ್ನು ನೋಡಲು ಬಂದವರ ಕಥೆಯೂ ಇದೇ. ಊರೆಲ್ಲ ಉಪ್ಪಿಟ್ಟು, ಕೇಸರಿಬಾತು ಕೊಟ್ಟು ಕಳಿಸುತ್ತದೆ. ನಮ್ಮಜ್ಜಿ ಹುಡುಗನನ್ನು ಮುದ್ದೆಗೆ ಕೂರಿಸಿದಳು! ಒಂದು ಮುಗಿಸಿದ. ಕೇಳದೆಯೇ ಇನ್ನೊಂದು ಬಿತ್ತು. ಅದನ್ನೂ ಮುಗಿಸಿದ. ಮತ್ತೊಂದು ಬಂದಾಗ ಹಣೆಯ ಬೆವರು ಒರೆಸಿಕೊಂಡ, ಬೇಡ ಎನ್ನಲಿಲ್ಲ. ಅಡುಗೆಕೋಣೆಗೆ ಬಂದ ಅಜ್ಜಿ ತೀರ್ಪು ಕೊಟ್ಟಳು. “ಹುಡ್ಗನಿಗೆ ಬ್ಯಾಡ ಅನ್ನಾಕೆ ಬರಲ್ಲ. ಧೈರ್ಯವಾಗಿ ಕೊಡಬೌದು.” ತೀರ್ಪೇನೋ ಸರಿ. ಇವರಿಗೆ ಇವತ್ತಿಗೂ ಬೇಡ ಎನ್ನಲು ಬರುವುದಿಲ್ಲ. ಸಂತೆಯಲ್ಲಿ ಯಾರು ಏನು ಕೈಗಿಟ್ಟರೂ ಮನೆಗೆ ತರುತ್ತಾರೆ. ನಿನ್ನೆ ಒಂದು ಪಡವಲಕಾಯಿ ಬಂದಿದೆ, ಹೆಚ್ಚುಕಡಿಮೆ ನನ್ನ ಎತ್ತರದ್ದು!

ಎಲ್ಲರ ಊಟವನ್ನೂ ನೋಡಿದ ಅಜ್ಜಿಯ ಊಟವನ್ನು ಮಾತ್ರ ಯಾರೂ ನೋಡಿರಲಿಲ್ಲ. ಕೇಳಿದರೆ ಒಮ್ಮೆ “ನಂದು ಆಗ್ಲೇ ಆತು” ಎನ್ನುವಳು, ಇನ್ನೊಮ್ಮೆ “ಆಮೇಲೆ ಉಣ್ತೀನಿ ತಗಾ” ಎನ್ನುವಳು. ಈ ಆಗಲೇ ಮತ್ತು ಆಮೇಲೆಯ ನಡುವೆ ಅವಳು ಉಂಡದ್ದು ಯಾವಾಗ? ನಾವು ಕೈ ತೊಳೆದು ಅಂಗಳಕ್ಕೆ ಹೋಗುವ ಹೊತ್ತಿಗೆ ಮಣೆ ತೊಳೆದು ಗೋಡೆಗೆ ಆನಿಸಿಯಾಗಿರುತ್ತಿತ್ತು.

“ಅವ್ವಂದು ದೊಡ್ದು ಕಟ್ಟು,” ಎಂದರು ಮಾವ, ಅಡುಗೆಕೋಣೆಯ ಬಾಗಿಲಲ್ಲಿ ನಿಂತು. “ಹೊಲ ಗೇದ ಜೀವ.”

“ಸಣ್ಣದೇ ಇರ್ಬೇಕು ಕಣ್ರಿ,” ಎಂದರು ಅತ್ತೆ.

“ಇರ್ಬೇಕು ಅಂದ್ರೆ? ನೀನು ನೋಡಿಲ್ವಾ?”

“ನೀವು ನೋಡೀರಾ?”

ಮಾವ ಒಲೆಯ ಪಕ್ಕ ಅಜ್ಜಿ ಕೂರುತ್ತಿದ್ದ ಜಾಗವನ್ನು ನೋಡುತ್ತ ನಿಂತರು. ಅತ್ತೆಯೇ ದನಿ ತಗ್ಗಿಸಿ ಹೇಳಿದರು: “ಎಲ್ರಿಗೂ ಹಾಕಿ ಮಣೆ ಮ್ಯಾಲೆ ಉಳ್ದಿದ್ದು ಅವ್ರದು. ಒಂದಿನ ಇದ್ದಂಗೆ ಒಂದಿನ ಇರ್ತಿರಲಿಲ್ಲ.”

ಈಗೇನು ಮಾಡುವುದು ಹೇಳಿ! ಹಿರಿಯರಿಗೆ ಎಡೆ ಇಡದೆ ನಾವು ಉಣ್ಣುವಂತಿಲ್ಲ. ಅಜ್ಜಿಯೋ, ನಾವು ಉಣ್ಣದೆ ಮುಟ್ಟುವವಳಲ್ಲ. ಹಿಟ್ಟು ಬೇರೆ ಆರುತ್ತಿತ್ತು. ಆರಿದರೆ ಉಂಡೆ ಕಟ್ಟಲು ಬರುವುದಿಲ್ಲ. ಯೋಚಿಸಲು ಹೊತ್ತಿರಲಿಲ್ಲ. ಮಣೆಯ ಮೇಲಿದ್ದ ಅಷ್ಟೂ ಹಿಟ್ಟನ್ನು ಎರಡೂ ಕೈಯಲ್ಲಿ ಬಳಿದು, ಉರುಳಿಸಿ, ಒಂದೇ ಮುದ್ದೆ ಮಾಡಿಬಿಟ್ಟೆ. ಅದನ್ನು ಎಲೆಗಿಟ್ಟರೆ ಹೋಳಿಗೆ, ಕೋಸಂಬರಿಗಳೆಲ್ಲ ಹೆದರಿದಂತೆ ಅಂಚಿಗೆ ಸರಿದವು.

ಮಾವ ಬೈಯಲಿಲ್ಲ. ಹೆಬ್ಬೆರಳಿನಿಂದ ನಡುವೆ ಗುಳಿ ಒತ್ತಿ ತುಪ್ಪ ಹಾಕಿದರು. “ನೀನೇ ಹಂಚವ್ವ,” ಎಂದಷ್ಟೇ ಅಜ್ಜಿಯ ಎಲೆಗೆ ಹೇಳಿ ಕೋಣೆಯ ಬಾಗಿಲು ಮುಂದಕ್ಕೆ ಮಾಡಿದರು. ಹಿರಿಯರು ಉಣ್ಣುವಾಗ ನಾವು ನೋಡಬಾರದಂತೆ. ಅಜ್ಜಿಗೆ ಹೇಳಿ ಮಾಡಿಸಿದ ಪದ್ಧತಿ!

ಆಮೇಲೆ ಅದೇ ಮುದ್ದೆಯನ್ನು ಮುರಿದುಕೊಂಡು ಎಲ್ಲರೂ ಉಂಡೆವು. ಮಾವ ತೆಂಗಿನಕಾಯಿಯಷ್ಟು ತೆಗೆದುಕೊಂಡರು. ನಮ್ಮವರು ಬಡಿಸಿದಷ್ಟನ್ನೂ ಹಾಕಿಸಿಕೊಂಡರು. ನಾನು ನನ್ನಷ್ಟು. ಎಲ್ಲರದೂ ಆದ ಮೇಲೆ ಎಲೆಯ ಮೇಲೆ ಇನ್ನೂ ಬೆಚ್ಚಗಿದ್ದ ಒಂದು ಚೂರು ಉಳಿದಿತ್ತು. ಅತ್ತೆ ಕೈ ಒದ್ದೆ ಮಾಡಿಕೊಂಡು ಅದನ್ನು ಉರುಳಿಸಿ ದುಂಡಗೆ ಮಾಡಿದರು. ನಿಂಬೆಹಣ್ಣಿನ ಗಾತ್ರ. ನನ್ನ ಕಾನ್ವೆಂಟ್ ಮುದ್ದೆ.

“ಅವ್ವಂದು,” ಎಂದರು ಮಾವ.

ನಾನು ಅದನ್ನು ಕೈಗೆತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದೆ. ಇಷ್ಟೇನಾ ಅಜ್ಜಿ? ಇದ್ರಾಗೆ ಜೀವ ಹೆಂಗೆ ನಿಂತಿತ್ತು?